ಮುನ್ನೂರು ಮೀಟರು ಸರಿದ ಓರ್ಮೆವಿಲ್

೧.

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ಬೆಟ್ಟದ ಬುಡದಿಂದ ಎನ್ನೋಣವೆಂದರೆ ಇಲ್ಲಿ ಬೆಟ್ಟವೇ ಇಲ್ಲ. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಜಕುಮಾರ ಏಳು ಬೆಟ್ಟ ಹತ್ತಿ ಇಳಿಯುವಷ್ಟರಲ್ಲಿ ಅರ್ಧ ಕಥೆ ತಾನಾಗಿಯೇ ಮುಗಿದಿರುತ್ತಿತ್ತು. ಫ್ರಾನ್ಸಿನ ಈ ಬೋಸ್ ಬಯಲಿನಲ್ಲಿ ಆ ಅನುಕೂಲವಿಲ್ಲ. ಗೋಧಿ, ಗೋಧಿ, ಒಂದು ನೀರಿನ ಟ್ಯಾಂಕು, ಮತ್ತೆ ಗೋಧಿ. ಮುಂದಿನ ಊರಿನ ಚರ್ಚಿನ ಗೋಪುರ ಏಳು ಕಿಲೋಮೀಟರು ಮೊದಲೇ ಕಾಣುತ್ತದೆ. ಇಂಥ ಕಡೆ ಓದುಗರ ಕುತೂಹಲವನ್ನು ಯಾವ ತಿರುವಿನಲ್ಲಿ ಬಚ್ಚಿಡುವುದು?

(ಮೊದಲ ಡ್ರಾಫ್ಟಿನಲ್ಲಿ ಒಂದು ಚಿಕ್ಕ ಗುಡ್ಡ ಹಾಕಿದ್ದೆ. ನಮ್ಮ ಸೈಕಲ್ ಕ್ಲಬ್ಬಿನವರು ಒಪ್ಪಲಿಲ್ಲ. "ನಮ್ಮ ಮಂಡಿ ನೋಡ್ಕೊಂಡು ಬರಿ" ಅಂದರು. ತೆಗೆದುಹಾಕಿದೆ.)

೨.

ಸರಿ, ಜಿಸ್ಲೇನಳಿಂದ ಶುರುಮಾಡೋಣ. ಅರವತ್ತಾರು ವರ್ಷ. ಮೂವತ್ತೊಂದು ವರ್ಷ ಈ ಬಯಲಿನಲ್ಲಿ ಕಾಗದ ಹಂಚಿ ನಿವೃತ್ತಳಾದ ಅಂಚೆಯವಳು. ಓರ್ಮೆವಿಲ್ ಸೈಕಲ್ ಕ್ಲಬ್ಬಿನ ಹದಿನಾಲ್ಕು ಸದಸ್ಯರಲ್ಲಿ ಒಬ್ಬಳು.

(ಹದಿನಾಲ್ಕು ಜನಕ್ಕೆ ಒಬ್ಬ ಅಧ್ಯಕ್ಷ, ಇಬ್ಬರು ಉಪಾಧ್ಯಕ್ಷರು, ಒಬ್ಬ ಕಾರ್ಯದರ್ಶಿ, ಒಬ್ಬ ಖಜಾಂಚಿ, ಖಜಾಂಚಿ ಊರಲ್ಲಿಲ್ಲದಾಗ ಇನ್ನೊಬ್ಬ. ನಮ್ಮ ಕಡೆ ಮೂವರು ಒಂದೇ ದಿಕ್ಕಿಗೆ ನಡೆಯತೊಡಗಿದರೆ ಸಾಕು, ನಾಲ್ಕನೆಯ ದಿನಕ್ಕೆ ಅದು ನೋಂದಾಯಿತ ಸಂಘವಾಗಿರುತ್ತದೆ. ಹುದ್ದೆಯಿಲ್ಲದೆ ಉಳಿದವರಲ್ಲಿ ನಾನೂ ಒಬ್ಬಳು. ಯಾವಾಗಲೂ ಕೊನೆಯಲ್ಲಿ ತುಳಿಯುವುದರಿಂದ ಎಲ್ಲರ ಬೆನ್ನೂ ಚೆನ್ನಾಗಿ ಗೊತ್ತು.)

ಕ್ಲಬ್ಬಿನ ನಿಯಮಾವಳಿಯಲ್ಲಿ ನಲವತ್ತು ಕಲಮುಗಳಿದ್ದರೂ ಎಲ್ಲರಿಗೂ ಬಾಯಿಪಾಠವಾಗಿರುವುದು ಒಂದೇ. ಭಾನುವಾರ ಹಿಂತಿರುಗುವಾಗ ಊರ ಹೆಸರಿನ ಬೋರ್ಡನ್ನು ಯಾರು ಮೊದಲು ದಾಟುತ್ತಾರೋ ಅವರು ಮುಂದಿನ ಭಾನುವಾರದ ದಾರಿ ಆರಿಸಬೇಕು. ಇಪ್ಪತ್ತೆರಡು ವರ್ಷದಲ್ಲಿ ಜಿಸ್ಲೇನ್ ಒಮ್ಮೆಯೂ ಮೊದಲು ದಾಟಿಲ್ಲ. ಕಾಲಲ್ಲಿ ಕಸುವಿಲ್ಲ ಅಂತಲ್ಲ. ಬಯಲಿನ ಎದುರುಗಾಳಿಯನ್ನು ಅರವತ್ತು ಕಿಲೋಮೀಟರು ಎದೆಯಲ್ಲಿ ಸೀಳುವವಳು ಅವಳು. ಅವಳ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಬೆವರದೆ ಬರುವವನು ಅಧ್ಯಕ್ಷ ರೆಜಿಸ್, ಹಿಂದೆ ಔಷಧಿ ಅಂಗಡಿ ಇಟ್ಟಿದ್ದವನು. ಕೊನೆಯ ಇನ್ನೂರು ಮೀಟರಿಗೆ ಅವಳ ನೆರಳಿನಿಂದ ಹೊರಗೆ ಹಾರುತ್ತಾನೆ, ಗೆಲ್ಲುತ್ತಾನೆ, ಮುಂದಿನ ವಾರಕ್ಕೂ ಅದೇ ನುಣುಪು ಡಾಂಬರಿನ ದಾರಿ ಆರಿಸುತ್ತಾನೆ.

"ಗಾಳಿ ಸೀಳೋಕೆ ನಿನ್ನಂಥ ಭುಜ ಈ ಜಿಲ್ಲೇಲೇ ಇಲ್ಲ ಕಣೇ," ಎಂದು ಹೊಗಳುವುದನ್ನು ಮಾತ್ರ ಮರೆಯುವುದಿಲ್ಲ.

"ನಿನ್ನಂಥ ಮೂಗೂ ಇಲ್ಲ ಬಿಡು. ಇಪ್ಪತ್ತೆರಡು ವರ್ಷದಿಂದ ನನ್ನ ಬೆನ್ನಿಗೇ ತಾಗ್ಕೊಂಡಿದೆ."

೩.

ಈಗ ವಿಷಯ. ಇನ್ನು ಹತ್ತು ದಿನಕ್ಕೆ ಜಿಸ್ಲೇನಳ ಸೊಂಟದ ಕೀಲಿನ ಆಪರೇಷನ್. ಆಮೇಲೆ ಸೈಕಲ್ ತುಳಿಯಬಹುದೇ ಎಂದು ಕೇಳಿದ್ದಕ್ಕೆ ಡಾಕ್ಟರು ಪೆನ್ನಿನ ಮುಚ್ಚಳ ಹುಡುಕತೊಡಗಿದರಂತೆ. ಅಲ್ಲಿಗೆ ಈ ಭಾನುವಾರ ಬಿಟ್ಟರೆ ಅವಳ ಪಾಲಿಗೆ ಉಳಿದಿರುವುದು ಇನ್ನೊಂದೇ ಭಾನುವಾರದ ಸವಾರಿ. ಆ ದಿನ ಎಲ್ಲರನ್ನೂ ತನ್ನ ಹಳೆಯ ಅಂಚೆ ದಾರಿಯಲ್ಲಿ ಕರೆದೊಯ್ಯಬೇಕೆಂಬುದು ಅವಳ ಆಸೆ. ನಲವತ್ತೊಂದು ಕಿಲೋಮೀಟರು, ಹನ್ನೊಂದು ತೋಟದ ಮನೆ. ಮೂವತ್ತೊಂದು ವರ್ಷ ಆ ದಾರಿಯಲ್ಲಿ ಒಬ್ಬಳೇ ಹೋಗಿದ್ದಾಳೆ. ಒಂದು ಸಲ, ಪಕ್ಕದಲ್ಲಿ ಯಾರಾದರೂ ಇರಲಿ ಎಂದು.

ಬಾಯಿಬಿಟ್ಟು ಕೇಳಬಾರದೇ ಅನ್ನುತ್ತೀರಿ. ಕೇಳಿದ್ದಳು.

"ಆ ದನದ ದಾರೀಲಾ? ನಿಯಮ ನಿಯಮಾನೇ ಜಿಸ್ಲೇನ್. ಬೋರ್ಡು ಗೆಲ್ಲು, ದಾರಿ ತಗೋ," ಅಂದಿದ್ದ ರೆಜಿಸ್.

೪. (ಕೈಬಿಟ್ಟದ್ದು)

ಇಲ್ಲಿ ಒಂದೂವರೆ ಪುಟ ಭರ್ಜರಿ ಸ್ಪ್ರಿಂಟ್ ಬರೆದಿದ್ದೆ. ಸೊಂಟದ ನೋವು ನುಂಗಿ, ಹಲ್ಲು ಕಚ್ಚಿ, ಚಕ್ರದ ಅಗಲದಷ್ಟು ಅಂತರದಲ್ಲಿ ಜಿಸ್ಲೇನ್ ಗೆಲ್ಲುತ್ತಾಳೆ. ಗೋಧಿ ತೆನೆಗಳು ಚಪ್ಪಾಳೆ ತಟ್ಟುತ್ತವೆ. ಜಿಸ್ಲೇನಳಿಗೆ ಓದಿ ತೋರಿಸಿದೆ.

"ಏ ಹುಡುಗಿ, ಗೋಧಿ ಚಪ್ಪಾಳೆ ತಟ್ಟೋದನ್ನ ನೀನು ನೋಡಿದ್ಯಾ?"

"ಇಲ್ಲ."

"ಮತ್ತೆ? ನಡೆದದ್ದು ಬರಿ."

೫.

ನಡೆದದ್ದು ಇಷ್ಟು. ಊರಾಚೆ ಹೊಸದಾಗಿ ಒಂಬತ್ತು ಮನೆಗಳೆದ್ದಿವೆ. ಅವೂ ಊರೊಳಗೇ ಸೇರಲೆಂದು ಪುರಸಭೆ ಶುಕ್ರವಾರ ಓರ್ಮೆವಿಲ್ ಬೋರ್ಡನ್ನು ಕಿತ್ತು ಮುನ್ನೂರು ಮೀಟರು ಆಚೆ ನೆಟ್ಟಿತು. ಪ್ರಕಟಣೆ ಅಂಟಿಸಿದ್ದರು. ನಮ್ಮ ಕಾರ್ಯದರ್ಶಿ ಆನ್ಸೆಲ್ಮ್ ಪುರಸಭೆಯ ಸದಸ್ಯ ಕೂಡ. ಬೋರ್ಡು ಸರಿಸುವ ಪರವಾಗಿ ಸಭೆಯಲ್ಲಿ ತಾನೇ ಕೈ ಎತ್ತಿದ್ದ. ಭಾನುವಾರ ಸೈಕಲ್ ಹತ್ತಿದ ಮೇಲೆ ಅವನಿಗೂ ಅದು ನೆನಪಾಗಲಿಲ್ಲ. ಗಾಳಿಗೆ ತಲೆ ತಗ್ಗಿಸಿ ಮುಂದಿನವರ ಚಕ್ರವನ್ನೇ ನೋಡುತ್ತ ತುಳಿಯುವ ಜನ ನಾವು. ಬೋರ್ಡು ಎಲ್ಲಿದೆಯೆಂದು ನಮ್ಮ ಕಾಲಿಗೆ ಗೊತ್ತು, ಕಣ್ಣಿಗಲ್ಲ.

ಅಂದು ಜಿಸ್ಲೇನ್ ಎಂದಿನಂತೆ ಮುಂದೆ. ಗಾಳಿಯ ಜೊತೆ ಪೈಪೋಟಿಗಿಳಿದು ಅಡುಗೆಯ ಕ್ರಮ ಕೂಗಿ ಹೇಳುತ್ತಿದ್ದಳು.

"ಈರುಳ್ಳಿ ಎಲೆ ಮೊದ್ಲು ಬೆಣ್ಣೇಲಿ ಬಾಡಿಸ್ಬೇಕು! ಕೆನೆ ಆಮೇಲೆ!"

"ಚೀಸು?" ಹಿಂದಿನಿಂದ ರೆಜಿಸ್.

"ಕೊನೇಲಿ ಕಣೋ! ಎಲ್ಲದಕ್ಕೂ ಕೊನೇಲಿ ಬರೋದು ನಿಂಗೆ ಹೇಳ್ಕೊಡ್ಬೇಕಾ?"

ಚೀಸಿನ ಮಾತು ಮುಗಿಯುವಷ್ಟರಲ್ಲಿ ಅವಳು ಹೊಸ ಬೋರ್ಡು ದಾಟಿಯಾಗಿತ್ತು. ಅವಳೂ ನೋಡಲಿಲ್ಲ, ಯಾರೂ ನೋಡಲಿಲ್ಲ. ಮುಂದಿನ ನೂರು ಮೀಟರಿಗೆ ರೆಜಿಸ್ ಹಾರಿದ. ಬಾಗಿದ, ಏದುಸಿರು ಬಿಟ್ಟ, ಎರಡೂ ಕೈ ಆಕಾಶಕ್ಕೆ ಎತ್ತಿ ಗೆದ್ದ. ಎದುರಿಗಿದ್ದದ್ದು ಹಳೆಯ ಬೋರ್ಡು ಕಿತ್ತ ಜಾಗದಲ್ಲಿ ಹಸಿ ಸಿಮೆಂಟಿನ ಎರಡು ತೇಪೆ.

೬.

ಕೆಫೆಯಲ್ಲಿ ಹೆಲ್ಮೆಟ್ಟೂ ತೆಗೆಯದೆ ಸಭೆ ಸೇರಿತು.

"ಬೋರ್ಡು ಮೊದ್ಲು ದಾಟಿದ್ದು ಜಿಸ್ಲೇನ್," ಅಂದ ಆನ್ಸೆಲ್ಮ್.

"ದಾಟಿದ್ದು ಅವಳಿಗೇ ಗೊತ್ತಿಲ್ಲ! ಗೊತ್ತಿಲ್ದೆ ಗೆದ್ರೆ ಗೆಲುವಾ?" ರೆಜಿಸನ ಮೀಸೆಯಲ್ಲಿ ಕಾಫಿ.

"ಗೊತ್ತಿಲ್ದೆ ನುಂಗಿದ ಮಾತ್ರೆ ಕೆಲಸ ಮಾಡಲ್ವೇನಯ್ಯಾ? ಔಷಧಿ ಅಂಗಡಿಯವನು ನೀನು, ಹೇಳು," ಅಂದ ಆನ್ಸೆಲ್ಮ್.

"ಇದು ಕಲಮುಗಳ ವ್ಯಾಖ್ಯಾನದ ಪ್ರಶ್ನೆ," ಎಂದು ರೆಜಿಸ್ ಗಂಟಲು ಸರಿಮಾಡಿಕೊಂಡ. "ವಿಶೇಷ ಮಹಾಸಭೆ ಕರೀಬೇಕು."

ವಿಶೇಷ ಮಹಾಸಭೆಗೆ ಹದಿನೈದು ದಿನ ಮುಂಚೆ ನೋಟೀಸು ಕೊಡಬೇಕು. ಜಿಸ್ಲೇನ್‌ಗೆ ಉಳಿದಿರುವುದು ಹತ್ತು. ಈ ಲೆಕ್ಕ ಮೇಜಿನ ಸುತ್ತ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಎಲ್ಲರೂ ಒಟ್ಟಿಗೇ ತಂತಮ್ಮ ಕಾಫಿ ಕಪ್ಪು ನೋಡಿಕೊಂಡರು.

(ಇಲ್ಲಿ ರೆಜಿಸ್ ನನ್ನ ತೋಳು ಜಗ್ಗಿದ. "ನನ್ನನ್ನ ಖಳನಾಯಕ ಮಾಡ್ತಿದ್ದೀಯ." "ನೀವೇ ಆಗ್ತಿದ್ದೀರಿ ಅಧ್ಯಕ್ಷರೇ." "ಅವಳು ಮುಂದಿಲ್ದೆ ಹೋದ್ರೆ ಆ ಗಾಳೀಲಿ ನಾನು ಹತ್ತು ಕಿಲೋಮೀಟರೂ ಹೋಗಲಾರೆ. ಅದನ್ನೂ ಬರಿ. ಬೇಡ, ಬರೀಬೇಡ." ಬರೆದಿದ್ದೇನೆ.)

೭.

ಅಂತ್ಯಗಳು ನನ್ನ ಬಳಿ ಮೂರಿವೆ.

ಒಂದು: ರೆಜಿಸ್ ಕರಗುತ್ತಾನೆ, ಕಣ್ಣೀರು, ಅಪ್ಪುಗೆ. (ಅವನು ಅಂಥವನಲ್ಲ.)

ಎರಡು: ಇಡೀ ಕ್ಲಬ್ಬು ಬಂಡೇಳುತ್ತದೆ. (ಬಂಡೇಳಲು ಮೊದಲು ಉಪಸಮಿತಿ ಬೇಕು.)

ಮೂರನೆಯದನ್ನು ಹೇಳುವ ಮೊದಲೇ ಜಿಸ್ಲೇನ್ ಎದ್ದಳು.

"ಕೂತ್ಕೊಳ್ಳಿ, ಕಥೆ ಮುಗಿದಿಲ್ಲ," ಅಂದೆ.

"ಗೆದ್ದೆ ಅಂತ ಬರೀಬೇಡ. ಸೋತೆ ಅಂತಾನೂ ಬರೀಬೇಡ. ಇಪ್ಪತ್ತೆರಡು ವರ್ಷಾನೂ ಮುಂದೇನೇ ಇದ್ದೆ ನಾನು. ಬೋರ್ಡು ಎಲ್ಲಿ ನೆಡ್ಬೇಕು ಅನ್ನೋದು ಪುರಸಭೆಯವರ ತಲೆನೋವು."

ಗ್ಲೌಸು ಏರಿಸಿಕೊಂಡಳು.

"ಎಲ್ಲಿಗೆ?" ಅಂದ ರೆಜಿಸ್.

"ದನದ ದಾರಿಗೆ."

"ಈಗ್ಲಾ? ಹನ್ನೊಂದೂವರೆ ಆಯ್ತು! ಹನ್ನೆರಡೂವರೆಗೆ ಊಟ!"

"ಮನೇಲಿ ಕೋಳಿ ಒಲೆ ಒಳಗಿದೆ," ಅಂದ ಆನ್ಸೆಲ್ಮ್ ಸಣ್ಣ ದನಿಯಲ್ಲಿ.

"ನಮ್ಮತ್ತೆ ಬಂದಿದಾರೆ," ಅಂದರು ಯಾರೋ, ಇನ್ನೂ ಸಣ್ಣ ದನಿಯಲ್ಲಿ.

"ನಾನು ಯಾರನ್ನೂ ಕರೀಲಿಲ್ಲ," ಅಂದಳು ಜಿಸ್ಲೇನ್. "ಇದು ಕ್ಲಬ್ಬಿನ ದಾರಿ ಅಲ್ಲ, ನಂದು. ಬರೋರು ಬರ್ಬಹುದು. ಆದ್ರೆ ಮುಂದೆ ನಿಂತು ಗಾಳಿ ತಿನ್ನೋದು ಸರದಿ ಪ್ರಕಾರ."

ಸರದಿ ಎಂಬ ಮಾತಿಗೆ, ಭಾನುವಾರದ ಊಟ ಬಿಡುವ ಮಾತಿಗಿಂತ ಹೆಚ್ಚು ಜನ ಬೆಚ್ಚಿದರು.

೮.

ಅವಳು ಹೊರಟಳು. ಮೊದಲ ತೋಟದ ಮನೆಯವರೆಗೆ ನೇರ ದಾರಿ, ನೇರ ಗಾಳಿ. ಸೊಂಟ ಪ್ರತಿ ಸುತ್ತಿಗೂ ಚುಚ್ಚುತ್ತಿತ್ತು. ಹಿಂದಿನಿಂದ ಕುರ್ಚಿಗಳು ಸರಿದ ಸದ್ದು ಬಂದಿತ್ತು ನಿಜ. ಆದರೆ ಕುರ್ಚಿ ಸರಿಸುವುದು ಮನೆಗೆ ಹೋಗುವವರೂ ಮಾಡುವ ಕೆಲಸವೇ. ಎರಡನೆಯ ತೋಟದ ಮನೆಯ ಮುಂದಿನ ಕಾಗದ ಹಾಕುವ ಡಬ್ಬಿ ದಾಟುವಾಗ ಅಭ್ಯಾಸಬಲದಿಂದ ಅವಳ ಕೈ ಒಮ್ಮೆ ಹ್ಯಾಂಡಲ್ ಬಿಟ್ಟಿತು.

ಯಾರು ಬಂದರು, ಯಾರು ಕೋಳಿ ತಿನ್ನಲು ಹೋದರು ಎಂದು ನೀವು ಕೇಳುತ್ತೀರಿ. ನನಗೆ ಗೊತ್ತು. ಹೇಳುವುದಿಲ್ಲ. ನಾನು ಹೇಳಿದರೆ ಆನ್ಸೆಲ್ಮ್ ಅದನ್ನು ನಡಾವಳಿಯಲ್ಲಿ ಬರೆದುಕೊಳ್ಳುತ್ತಾನೆ, ರೆಜಿಸ್ ತಿದ್ದುಪಡಿ ತರುತ್ತಾನೆ.

ಇಷ್ಟು ಮಾತ್ರ ಹೇಳಬಹುದು: ಮೂರನೆಯ ತೋಟದ ಮನೆ ದಾಟಿದ ಮೇಲೆ, ತಲೆ ತಗ್ಗಿಸಿ ತುಳಿಯುತ್ತಿದ್ದ ಜಿಸ್ಲೇನಳ ಎದೆಗೆ ಹೊಡೆಯುತ್ತಿದ್ದ ಗಾಳಿ ಇದ್ದಕ್ಕಿದ್ದಂತೆ ನಿಂತಿತು. ಪೆಡಲು ಹಗುರಾಯಿತು. ಅಕ್ಕಪಕ್ಕದ ಗೋಧಿಯೇನೋ ಹಾಗೇ ಬಾಗಿ ಬಾಗಿ ಏಳುತ್ತಿತ್ತು.

"ತಲೆ ಎತ್ತಿ ನೋಡಿ, ಮುಂದೆ ಯಾರಿದ್ದಾರೆ ಅಂತ," ಅಂದೆ.

"ತಡಿಯೇ ಹುಡುಗಿ," ಅಂದಳು. "ಇನ್ನೂ ಸ್ವಲ್ಪ ಹೊತ್ತು."