ಕೇಳದೆ ಬೆಲೆ ಇಳಿಸದ ಲತಾಮಣಿ

ಲತಾಮಣಿಯವರ ಬೆನ್ನಿಗೆ ಕಿವಿಯಿದೆ ಎಂದು ಜಯನಗರ ನಾಲ್ಕನೇ ಬ್ಲಾಕಿನ ವ್ಯಾಪಾರಿಗಳು ಹೇಳುವುದುಂಟು. ಅಂಗಡಿಯವನು ಒಂದು ಬೆಲೆ ಹೇಳಿ, ಇವರು ಅದರ ಅರ್ಧ ಹೇಳಿ, ಅವನು ನಕ್ಕು, ಇವರು ನಗದೆ, ಕೊನೆಗೆ ‘ಸರಿ ಬಿಡಿ’ ಎಂದು ತಿರುಗಿ ಹೊರಟರೆಂದರೆ ಆ ನಡಿಗೆಯನ್ನು ನೋಡಬೇಕು! ಅದರಲ್ಲಿ ಕೋಪವಿಲ್ಲ, ಅವಸರವಿಲ್ಲ. ಹಾಗೆಂದು ನಿಧಾನವೂ ಇಲ್ಲ, ನಿಧಾನಿಸಿದರೆ ಒಳಗಿನ ಆಸೆ ತಿಳಿದುಹೋಗುತ್ತದಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಳದಿ ಬಟ್ಟೆಚೀಲವನ್ನು ಮೊಣಕೈಗೆ ಏರಿಸಿ, ಲೋಕದಲ್ಲಿ ಇನ್ನೂ ಎಷ್ಟೋ ಅಂಗಡಿಗಳಿವೆಯೆಂಬ ಪರಮ ನಿಶ್ಚಿಂತೆಯಿಂದ ಅವರು ಹೆಜ್ಜೆ ಹಾಕುತ್ತಿದ್ದರೆ, ಬೆನ್ನು ಮಾತ್ರ ಹಿಂದಿನದನ್ನೆಲ್ಲ ಆಲಿಸುತ್ತಿರುತ್ತದೆ. ‘ಬನ್ನಿ ಮೇಡಂ, ಬನ್ನಿ, ತಗೊಂಡ್ಹೋಗಿ’ ಎಂಬ ಸೋತ ದನಿ ಎದ್ದೊಡನೆ, ಯಾರೋ ಬಹಳ ಬಲವಂತ ಮಾಡಿದರೆಂಬಂತೆ ತಿರುಗುತ್ತಾರೆ. ಆ ದನಿ ಏಳದೆ ಹೋದದ್ದನ್ನು ಕಂಡವರು ಕಡಿಮೆ.

ಈ ಮಹಾಕಾರ್ಯ ನಡೆಯುವಷ್ಟು ಹೊತ್ತು ಅವರ ಪತಿ ಅನಂತರಾಮು ಎಳನೀರಿನ ಗಾಡಿಯ ಪಕ್ಕದಲ್ಲಿ, ಯಾವ ಸಂಬಂಧವೂ ಇಲ್ಲದ ದಾರಿಹೋಕನಂತೆ ಆಕಾಶ ನೋಡುತ್ತ ನಿಂತಿರುತ್ತಾರೆ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಸಾತ್ವಿಕ ಮನುಷ್ಯ. ‘ಅವಳು ರೇಟು ಕೇಳೋಕೆ ಶುರು ಮಾಡಿದ್ಲು ಅಂದ್ರೆ ನಾನ್ಯಾರೋ, ಅವಳ್ಯಾರೋ’ ಎನ್ನುವುದು ಅವರ ಬಹುಕಾಲದ ನಿಲುವು. ವ್ಯಾಪಾರ ಮುಗಿದ ಮೇಲೆ ಚೀಲ ಹೊರುವುದಕ್ಕೆ ಮಾತ್ರ ಸಂಬಂಧ ಮತ್ತೆ ಕೂಡಿಕೊಳ್ಳುತ್ತದೆ.

ಇಷ್ಟು ಕೇಳಿ ಲತಾಮಣಿಯವರನ್ನು ಜಿಪುಣರ ಸಾಲಿಗೆ ಸೇರಿಸಿಬಿಟ್ಟರೆ ದೊಡ್ಡ ಅನ್ಯಾಯವಾದೀತು. ಅವರ ಚೌಕಾಸಿಗೂ ಒಂದು ಧರ್ಮವಿದೆ. ಕೊಳ್ಳುವ ಮನಸ್ಸಿಲ್ಲದ ವಸ್ತುವನ್ನು ಅವರು ಮುಟ್ಟುವುದಿಲ್ಲ. ಮುಟ್ಟಿದ್ದನ್ನು ತಿರುವಿಹಾಕಿ, ಬೆಳಕಿಗೆ ಹಿಡಿದು, ಅದರ ಗುಣದೋಷಗಳನ್ನೆಲ್ಲ ಕಂಡುಕೊಳ್ಳದೆ ಬೆಲೆ ಕೇಳುವುದಿಲ್ಲ. ಇನ್ನೂ ಬಾಯಿ ತೆರೆಯುವ ಮೊದಲೇ ‘ನಿಮಗೆ ಅಂತ ಕಮ್ಮಿ ಮಾಡ್ತೀನಿ’ ಎಂದವನ ಅಂಗಡಿಯಿಂದ ಅವರು ನಿಜವಾಗಿಯೂ ಹೊರಟುಬಿಡುತ್ತಾರೆ. ಆಗ ಬೆನ್ನಿಗೆ ಕಿವಿ ಇರುವುದಿಲ್ಲ. ಆಷಾಢದಲ್ಲಿ ಬಟ್ಟೆಯಂಗಡಿಗಳ ಮುಂದೆ ರಿಯಾಯಿತಿಯ ದೊಡ್ಡ ದೊಡ್ಡ ಫಲಕಗಳು ಏಳುವಾಗ ಅವರು ಆ ರಸ್ತೆಯನ್ನೇ ತಪ್ಪಿಸಿ ನಡೆಯುತ್ತಾರೆ. ‘ಕೇಳೋಕ್ ಮುಂಚೇನೇ ಇಳಿಸ್ತಾನೆ ಅಂದ್ರೆ, ಅವನಿಗೇ ಅದರ ಮೇಲೆ ನಂಬಿಕೆ ಇಲ್ಲ ಅಂತ ಅರ್ಥ ಕಣ್ರೀ’ ಎಂದು ಗಂಡನಿಗೆ ಅವರು ವರ್ಷವರ್ಷವೂ ಹೇಳುತ್ತಾರೆ, ಗಂಡ ವರ್ಷವರ್ಷವೂ ತಲೆಯಾಡಿಸುತ್ತಾರೆ.

ಹರೆಯದಲ್ಲಿ ಟೆಲಿಫೋನ್ ಇಲಾಖೆ ಸೇರಿ, ಟ್ರಂಕ್ ಕಾಲ್ ಜೋಡಿಸುವ ಬೋರ್ಡಿನ ಮುಂದೆ ಕುಳಿತು, ಕಾಣದ ಊರುಗಳ ಕಾಣದ ಜನರ ಸುಖದುಃಖಗಳನ್ನು ಒಂದು ತಂತಿಯಿಂದ ಇನ್ನೊಂದಕ್ಕೆ ದಾಟಿಸಿದವರು ಅವರು. ಇಲಾಖೆ ಬದಲಾಯಿತು, ಬೋರ್ಡುಗಳು ಗುಜರಿಗೆ ಹೋದವು. ಉಳಿದುಕೊಂಡದ್ದು ಆ ದನಿ. ಏರದ, ಇಳಿಯದ, ಯಾರ ಗದ್ದಲಕ್ಕೂ ಕೆಡದ, ಸಕ್ಕರೆ ಹದವಾಗಿ ಬೆರೆತ ದನಿ. ಜೊತೆಗೆ ಉಳಿದದ್ದು ಒಂದು ಮಾತು: ‘ಲೈನಲ್ಲೇ ಇರಿ.’ ಬಾಗಿಲಿಗೆ ಬಂದ ಕೊರಿಯರ್‌ನವನಿಗೂ, ಮಾತಿನ ನಡುವೆ ಒಲೆ ಆರಿಸಲು ಎದ್ದಾಗ ಎದುರು ಕೂತ ಅತಿಥಿಗೂ ಅವರು ಹೇಳುವುದು ಅದನ್ನೇ. ಕೇಳಿದವರು ನಕ್ಕರೆ ಅವರೂ ನಗುತ್ತಾರೆ, ಮರುಗಳಿಗೆ ಮತ್ತೆ ಅದನ್ನೇ ಹೇಳುತ್ತಾರೆ.

ನಿವೃತ್ತಿಯ ಬಳಿಕ ಅವರು ಕಾದಂಬರಿ ಬರೆದರು. ಹೆಸರು ‘ಎಂಟನೇ ಬೋರ್ಡಿನ ಹುಡುಗಿ’. ಸರೋಜಾ ಎಂಬ ಆಪರೇಟರ್ ಹುಡುಗಿ, ಒಂದು ದಿನ ತಪ್ಪಿ ಕೂಡಿಸಿದ ಕರೆಯೊಂದರಲ್ಲಿ ಅಪರಿಚಿತನ ಅಳುವನ್ನು ಕೇಳಿಸಿಕೊಂಡು, ಆ ಅಳುವಿನ ಜಾಡು ಹಿಡಿದು ಹೋಗುವ ಕಥೆ. ಒಬ್ಬ ಪ್ರಕಾಶಕರು ‘ಈಗ ಯಾರಮ್ಮ ಓದ್ತಾರೆ ಇದನ್ನೆಲ್ಲ’ ಎಂದರು. ಇನ್ನೊಬ್ಬರು ಏನೂ ಅನ್ನಲಿಲ್ಲ. ಆಗ ಜೆ.ಪಿ. ನಗರದಲ್ಲಿರುವ ತಂಗಿಯ ಮಗಳು, ಜಾಹೀರಾತು ಕಂಪನಿಯ ಉದ್ಯೋಗಿ ಮೇಘಶ್ರೀ, ತಾನೇ ಅಕ್ಷರ ಜೋಡಿಸಿ, ಮುಖಪುಟ ಮಾಡಿ, ಆನ್‌ಲೈನ್ ಅಂಗಡಿಯೊಂದರಲ್ಲಿ ಅದನ್ನು ಇ-ಪುಸ್ತಕವಾಗಿ ಏರಿಸಿಕೊಟ್ಟಳು. ಬೆಲೆ ಎಷ್ಟಿಡೋಣ ಎಂದು ಅವಳು ಕೇಳಿದಾಗ ಲತಾಮಣಿಯವರು ಒಂದು ಇಡೀ ದಿನ ಯೋಚಿಸಿ ನೂರೈವತ್ತು ಎಂದರು.

ಮೊದಲ ತಿಂಗಳು ಕೊಂಡವರೆಲ್ಲ ನೆಂಟರು, ಹಳೆಯ ಸಹೋದ್ಯೋಗಿಗಳು, ಬೆಳಗಿನ ವಾಕಿಂಗ್ ಗೆಳತಿಯರು. ಎಲ್ಲರೂ ‘ಸಖತ್ತಾಗಿದೆ’ ಎಂದರು. ಯಾರೂ ಸರೋಜಾಳ ಹೆಸರೆತ್ತಲಿಲ್ಲ. ಲತಾಮಣಿಯವರಿಗೆ ಅರ್ಥವಾಗದೆ ಇರುತ್ತದೆಯೇ? ‘ನನ್ನ ಮುಖದಾಕ್ಷಿಣ್ಯಕ್ಕೆ ತಗೊಂಡಿದ್ದು ಸಾಕು. ಪುಸ್ತಕ ಬೇಕು ಅಂತ ಕೇಳ್ಕೊಂಡು ಒಬ್ಬರಾದ್ರೂ ಬರ್ಬೇಕು. ಬಂದ್ರೆ ಎರಡನೇದು ಬರೀತೀನಿ, ಇಲ್ದಿದ್ರೆ ಇಲ್ಲಿಗೆ ಮುಗೀತು’ ಎಂದು ಗಂಡನ ಮುಂದೆ ಘೋಷಿಸಿದರು. ಎರಡನೆಯದರ ಕಥೆ ಅವರ ತಲೆಯಲ್ಲಿ ಆಗಲೇ ಓಡಾಡುತ್ತಿತ್ತು, ಅದನ್ನು ತಡೆಹಿಡಿಯುವುದು ಅವರಿಗೆ ಸುಲಭವಿರಲಿಲ್ಲ.

‘ದೊಡ್ಡಮ್ಮ, ಮೂರು ದಿನ ಆಫರ್ ಹಾಕೋಣ’ ಎಂದಳು ಮೇಘಶ್ರೀ. ‘ಹತ್ತರಲ್ಲಿ ಒಂದು ಪಾಲು ರೇಟು. ಟೈಮ್ ಮುಗಿದುಹೋಗುತ್ತೆ ಅಂದ್ರೆ ಜನ ಮುಗಿಬೀಳ್ತಾರೆ, ನೋಡ್ತಿರಿ.’ ಆ ಹುಡುಗಿ ಪಟ್ಟ ಶ್ರಮ ನೋಡಿ ಲತಾಮಣಿಯವರು, ಜೀವಮಾನದಲ್ಲಿ ಮೊದಲ ಸಲ, ಯಾರೂ ಕೇಳದೆ ಬೆಲೆ ಇಳಿಸಲು ಒಪ್ಪಿಕೊಂಡರು. ಮೇಘಶ್ರೀ ಹೇಳಿದ್ದು ಸುಳ್ಳಾಗಲಿಲ್ಲ. ಜನ ಮುಗಿಬಿದ್ದರು. ಎರಡನೆಯ ದಿನ ಅವಳು ಫೋನಿನಲ್ಲಿ ಕಿರುಚಿದಳು, ‘ಕನ್ನಡ ಕಾದಂಬರಿಗಳಲ್ಲಿ ನೀವೇ ಫಸ್ಟ್, ದೊಡ್ಡಮ್ಮ!’ ಮನೆಯಲ್ಲಿ ಹೆಸರುಬೇಳೆ ಪಾಯಸವಾಯಿತು. ಅನಂತರಾಮು ಅಕ್ಕಪಕ್ಕದ ಮನೆಗಳಿಗೆ ತಾವೇ ಕೊಟ್ಟುಬಂದರು.

ಆಫರ್ ಮುಗಿಯಿತು; ಬೆಲೆ ಮೊದಲಿನಂತಾಯಿತು; ಪುಸ್ತಕ ಏರಿದ ವೇಗದಲ್ಲೇ ಇಳಿದು ಕಾಣದಾಯಿತು. ದಾವಣಗೆರೆಯ ಗೃಹಿಣಿಯೊಬ್ಬರು ಓದಿ ನಾಲ್ಕು ಒಳ್ಳೆಯ ಮಾತು ಬರೆದರು, ಆದ್ದರಿಂದ ಆಫರಿನಿಂದ ಏನೂ ಆಗಲಿಲ್ಲವೆಂದರೆ ಸುಳ್ಳಾದೀತು. ಉಳಿದವರು ಮೌನ. ಕೆಲವು ವಾರಗಳ ನಂತರ ಒಂದು ವಿಮರ್ಶೆ ಬಂತು, ಮೂರು ನಕ್ಷತ್ರಗಳೊಂದಿಗೆ: ‘ಆಫರ್ ಇತ್ತು ಅಂತ ತಗೊಂಡೆ. ಇನ್ನೂ ಓದಿಲ್ಲ. ಚೆನ್ನಾಗಿರಬಹುದು.’ ಲತಾಮಣಿಯವರು ಅದನ್ನು ತಮ್ಮ ಆಪರೇಟರ್ ದನಿಯಲ್ಲಿ ಗಟ್ಟಿಯಾಗಿ ಓದಿ, ಕನ್ನಡಕ ತೆಗೆದಿಟ್ಟರು. ಕೆಟ್ಟದಾಗಿದೆ ಎಂದು ಬೈದಿದ್ದರೆ ಅವರು ತಡೆದುಕೊಳ್ಳುತ್ತಿದ್ದರು, ಬೈಯುವುದಕ್ಕಾದರೂ ಓದಬೇಕಲ್ಲ. ಅವರಿಗೆ ನಿಜಕ್ಕೂ ನೋವಾಗಿತ್ತು. ಮೇಘಶ್ರೀಗೆ ಮಾತ್ರ ಅದನ್ನು ತೋರಗೊಡಲಿಲ್ಲ.

ಮರುದಿನ ತಿಲಕ್ ನಗರದ ರಸ್ತೆಬದಿಯಲ್ಲಿ ಗುಂಡುಬದನೆಕಾಯಿ ಆರಿಸುತ್ತ, ತೊಟ್ಟು ನೋಡಿ, ಬೆರಳಲ್ಲಿ ಒತ್ತಿ, ಹುಳುಕಿದೆಯೆಂದು ವಾದಿಸಿ, ಮಾರುವವಳು ಇಲ್ಲವೆಂದು ಗದರಿ, ಇಬ್ಬರೂ ಆ ಬದನೆಕಾಯಿಯ ಜಾತಕವನ್ನೇ ಜಾಲಾಡುತ್ತಿದ್ದಾಗ ಅವರು ತಟ್ಟನೆ ಎದ್ದುನಿಂತರು. ‘ರೀ!’ ಎಂದರು. ಗಂಡ ಅಪರಿಚಿತನಾಗಿ ದೂರ ನಿಂತಿದ್ದರು. ‘ರೀ, ಬನ್ರೀ ಇಲ್ಲಿ. ಚೌಕಾಸಿ ಮಾಡೋರು ಪದಾರ್ಥ ಮುಟ್ಟಿ ನೋಡಿರ್ತಾರೆ ಅಲ್ವಾ? ಆ ಆಫರ್‌ನಲ್ಲಿ ಯಾರೂ ನನ್ನ ಪುಸ್ತಕ ಮುಟ್ಲೇ ಇಲ್ಲ. ಚೀಲಕ್ಕೆ ಹಾಕ್ಕೊಂಡ್ ಹೋದ್ರು ಅಷ್ಟೇ.’ ಅನಂತರಾಮು ಎಂದಿನಂತೆ ತಲೆಯಾಡಿಸಿದರು, ಆದರೆ ಈ ಸಲ ಅವರಿಗೂ ಹೌದೆನಿಸಿತ್ತು.

ಹೀಗೆ ಹುಟ್ಟಿದ್ದು ಲತಾಮಣಿಯವರ ಚೌಕಾಸಿ ವಾರ. ಆಷಾಢದ ಒಂದು ವಾರ, ಬೆಳಗಿನ ಅಡುಗೆ ಮುಗಿದ ಮೇಲೆ, ‘ಎಂಟನೇ ಬೋರ್ಡಿನ ಹುಡುಗಿ’ ಕಡಿಮೆ ಬೆಲೆಗೆ ಬೇಕಾದವರು ಲೇಖಕಿಗೇ ಫೋನ್ ಮಾಡಿ ಬೆಲೆ ಕೇಳಬೇಕು. ಮೊದಲ ಅಧ್ಯಾಯ ಎಲ್ಲರಿಗೂ ಪುಕ್ಕಟೆ. ಅದನ್ನು ಓದಿ, ತಪ್ಪು ತೋರಿಸಿ, ಇಳಿಸಿ ಎನ್ನಬಹುದು. ಒಪ್ಪಂದವಾದರೆ ಹಣ ಫೋನಿನಲ್ಲೇ, ಪುಸ್ತಕವೂ ಫೋನಿಗೇ. ‘ದೊಡ್ಡಮ್ಮ, ಹೀಗೆಲ್ಲ ಯಾರೂ ಮಾರಲ್ಲ’ ಎಂದು ಮೇಘಶ್ರೀ ತಲೆ ಚಚ್ಚಿಕೊಂಡಳು. ಆದರೂ ವಾಟ್ಸಾಪ್ ಗುಂಪುಗಳಿಗೆಲ್ಲ ಅವಳೇ ಹಂಚಿದಳು.

ಮೊದಲ ದಿನ ಫೋನ್ ಸುಮ್ಮನಿತ್ತು. ಎರಡನೆಯ ದಿನ ಸುದ್ದಗುಂಟೆಪಾಳ್ಯದ ಪೀಜಿಯಿಂದ ಒಬ್ಬ ಹುಡುಗಿ. ‘ಆಂಟಿ, ಫಸ್ಟ್ ಚಾಪ್ಟರ್ ಸ್ವಲ್ಪ ಎಳೆದಂಗಾಯ್ತು. ಕಮ್ಮಿ ಮಾಡಿ.’

‘ಎಲ್ಲಿ ಎಳೀತು, ಹೇಳಮ್ಮ.’

‘ಕ್ಯಾಂಟೀನ್ ಸೀನು ಆಂಟಿ.’

ಲತಾಮಣಿಯವರು ‘ಲೈನಲ್ಲೇ ಇರಿ’ ಎಂದು, ಆ ಪುಟ ತೆಗೆದು ನೋಡಿ, ಹುಡುಗಿ ಹೇಳಿದ್ದು ಸರಿಯೆಂದು ಇಪ್ಪತ್ತು ರೂಪಾಯಿ ಇಳಿಸಿದರು. ಆಮೇಲೆ ನಿವೃತ್ತ ಮೇಷ್ಟರೊಬ್ಬರು ಬೋರ್ಡಿನ ತಂತಿಗಳ ವಿವರದಲ್ಲಿ ತಪ್ಪಿದೆಯೆಂದು ವಾದಿಸಿ, ಆ ಬೋರ್ಡಿನ ಮುಂದೆ ಅರ್ಧ ಆಯುಷ್ಯ ಕಳೆದವರ ಕೈಯಲ್ಲಿ ಸಿಕ್ಕಿಬಿದ್ದು, ಪೂರ್ತಿ ಬೆಲೆ ತೆತ್ತರು. ಅಪರಿಚಿತರು ಸರೋಜಾಳನ್ನು ಹೆಸರು ಹಿಡಿದು ವಿಚಾರಿಸುತ್ತಿದ್ದರು! ಆ ವಾರ ಮಾರಾಟವಾದದ್ದು ಆಫರಿನ ಕಾಲುಭಾಗವೂ ಇರಲಿಕ್ಕಿಲ್ಲ, ಆದರೆ ಲತಾಮಣಿಯವರ ಮುಖ ನೋಡಿದವರಿಗೆ ಲೆಕ್ಕ ಬೇಕಾಗಿರಲಿಲ್ಲ.

ವಾರದ ಕೊನೆಯ ದಿನ ಅವರು ಕುಕ್ಕರಿಗೊಂದು ಮುಚ್ಚಳ ಹುಡುಕುತ್ತ ಮಹೇಶನ ಪಾತ್ರೆಯಂಗಡಿಗೆ ಹೋದರು. ಈ ಮಹೇಶ ಎಂದರೆ ನಾಲ್ಕನೇ ಬ್ಲಾಕಿನಲ್ಲಿ ಅವರಿಗೆ ಸರಿಸಮ ಎನಿಸಿಕೊಂಡ ಒಬ್ಬನೇ ವ್ಯಾಪಾರಿ. ಎರಡು ದಶಕಗಳ ಯುದ್ಧ. ಸ್ಟೀಲ್ ಡಬ್ಬಿಯಿಂದ ಇಡ್ಲಿ ಪಾತ್ರೆಯವರೆಗೆ ಯಾವುದೂ ಜಗಳವಿಲ್ಲದೆ ಕೈ ಬದಲಾಯಿಸಿದ್ದಿಲ್ಲ. ದಾಕ್ಷಿಣ್ಯವೆಂಬುದು ಇಬ್ಬರ ನಡುವೆ ಎಂದೂ ಸುಳಿದಿರಲಿಲ್ಲ. ಅವನು ಮುಚ್ಚಳವನ್ನು ಪಕ್ಕಕ್ಕಿಟ್ಟ.

‘ಮೇಡಂ, ಆ ಪುಸ್ತಕ ಎಷ್ಟಕ್ಕೆ ಕೊಡ್ತೀರ?’

‘ಯಾವ ಪುಸ್ತಕ?’

‘ಅದೇ, ಎಂಟನೇ ಬೋರ್ಡು. ಮೊದಲನೇ ಅಧ್ಯಾಯ ಮಧ್ಯಾಹ್ನ ಗಲ್ಲಾದಲ್ಲಿ ಕೂತು ಓದ್ದೆ. ಆ ಹುಡ್ಗಿ ರಾಂಗ್ ನಂಬರ್‌ಗೆ ಯಾಕೆ ಅಷ್ಟೊಂದು ತಲೆ ಕೆಡಿಸ್ಕೋತಾಳೆ? ಲೈನ್ ಕಟ್ ಮಾಡಿದ್ರೆ ಆಗ್ತಿತ್ತಪ್ಪ. ಇಂಥ ಹುಡ್ಗಿ ಕಥೆಗೆ ಐವತ್ತು ಕೊಡ್ಬೋದು.’

‘ನೂರೈವತ್ತು.’

‘ಎಪ್ಪತ್ತೈದು. ಕೊನೇ ಮಾತು ಹೇಳಿ.’

‘ಅದೇ ಕೊನೇ ಮಾತು, ಮಹೇಶ್.’

‘ಸರಿ ಬಿಡಿ’ ಎಂದ ಮಹೇಶ. ಎಂದವನೇ ಗಲ್ಲಾ ಬಿಟ್ಟಿಳಿದು, ಚಪ್ಪಲಿ ಮೆಟ್ಟಿ, ತನ್ನದೇ ಅಂಗಡಿಯಿಂದ ಹೊರಬಿದ್ದು, ಫುಟ್‌ಪಾತಿನ ಮೇಲೆ ತಿರುಗಿಯೂ ನೋಡದೆ ನಡೆದುಬಿಟ್ಟ!

ಪಾತ್ರೆಗಳ ನಡುವೆ ಲತಾಮಣಿಯವರು ಒಬ್ಬರೇ ನಿಂತರು. ಮಾರುವವರ ಜಾಗದಲ್ಲಿ ನಿಂತು, ದೂರ ಸರಿಯುವ ಬೆನ್ನೊಂದನ್ನು ಅವರು ನೋಡಿದ್ದು ಅದೇ ಮೊದಲು. ಕೋಪವಿಲ್ಲ, ಅವಸರವಿಲ್ಲ, ನಿಧಾನವೂ ಇಲ್ಲ: ಕಳ್ಳ, ಎಷ್ಟು ಚೆನ್ನಾಗಿ ಕಲಿತಿದ್ದಾನೆ! ಕರೆಯಬಾರದು ಎಂದುಕೊಂಡರು. ಹೂವಿನವಳನ್ನು ದಾಟಿದ. ಕರೆಯಬಾರದು. ಎಳನೀರಿನ ಗಾಡಿಯ ಬಳಿ ನಿಂತಿದ್ದ ಅನಂತರಾಮು ಅವರನ್ನೂ ದಾಟಿದ. ಮೂಲೆ ತಿರುಗಿದರೆ ಹೋಯಿತು, ಸರೋಜಾಳ ಬಗ್ಗೆ ಅಷ್ಟು ತಲೆಕೆಡಿಸಿಕೊಂಡು ಜಗಳವಾಡಿದ ಆ ಮನುಷ್ಯ ಅವಳು ಯಾಕೆ ಲೈನ್ ಕಟ್ ಮಾಡಲಿಲ್ಲವೆಂದು ತಿಳಿಯದೆಯೇ ಹೋಗಿಬಿಡುತ್ತಾನೆ. ಎಂದೂ ಏರದ ಆ ದನಿ ಇಡೀ ಬೀದಿ ತಿರುಗಿ ನೋಡುವಂತೆ ಏರಿತು.

‘ಮಹೇಶ್! ಲೈನಲ್ಲೇ ಇರಿ!’

ಮಹೇಶ ನಿಂತ. ಯಾರೋ ಬಹಳ ಬಲವಂತ ಮಾಡಿದರೆಂಬಂತೆ ತಿರುಗಿ, ವಾಪಸು ಬಂದು, ಗಲ್ಲಾ ಏರಿ, ಫೋನ್ ತೆಗೆದು ನೂರೈವತ್ತನ್ನೂ ಕಳಿಸಿದ.

‘ಎಪ್ಪತ್ತೈದು ಅಂದ್ರಲ್ಲ?’ ಎಂದರು ಲತಾಮಣಿಯವರು, ಇನ್ನೂ ಉಸಿರು ಕೂಡಿಕೊಳ್ಳುತ್ತ.

‘ಇಷ್ಟು ವರ್ಷ ನಾನೇ ಕರ್ದಿದ್ದೀನಿ ಮೇಡಂ. ಒಂದ್ಸಲ ನಿಮ್ಮ ಕೈಲಿ ಕರೆಸ್ಕೋಬೇಕು ಅಂತಿತ್ತು, ಅಷ್ಟೇ. ಈಗ ಹೇಳಿ, ಆ ಹುಡ್ಗಿ ಕಟ್ ಯಾಕ್ ಮಾಡ್ಲಿಲ್ಲ?’

‘ಓದಿ’ ಎಂದರು ಲತಾಮಣಿಯವರು. ಕಣ್ಣು ತುಂಬಿತ್ತು. ಆದರೂ ಮುಚ್ಚಳದ ಬೆಲೆಯಲ್ಲಿ ಮೂವತ್ತು ರೂಪಾಯಿ ಇಳಿಸದೆ ಅಂಗಡಿ ಬಿಡಲಿಲ್ಲ. ಅನಂತರಾಮು ಅಂದು ಮೊದಲ ಬಾರಿಗೆ ಅಂಗಡಿಯ ಒಳಗೇ ಬಂದು, ‘ಇವರು ನಮ್ಮ ಮನೆಯವರು’ ಎಂದು ಅಲ್ಲಿದ್ದ ಗಿರಾಕಿಗಳಿಗೆಲ್ಲ ಹೇಳಿದರು.

ಎರಡನೆಯ ಕಾದಂಬರಿ ಈಗ ಅರ್ಧಕ್ಕೆ ಬಂದಿದೆ. ಬೆಲೆಯನ್ನು ಮೊದಲೇ ನಿಶ್ಚಯಿಸಿದ್ದಾರೆ. ಅದು ಮೊದಲನೆಯದಕ್ಕಿಂತ ಹೆಚ್ಚು. ಚೌಕಾಸಿ ಮಾಡುವವರನ್ನು ನಾವು ಜಿಪುಣರೆಂದು ಕರೆದು ಕೈತೊಳೆದುಕೊಳ್ಳುತ್ತೇವೆ. ಬೇಡವಾದ ವಸ್ತುವಿನ ಮುಂದೆ ಯಾರೂ ಅಷ್ಟು ಹೊತ್ತು ಬಿಸಿಲಲ್ಲಿ ನಿಲ್ಲುವುದಿಲ್ಲವೆಂಬುದು ನಮಗೆ ಹೊಳೆಯುವುದಿಲ್ಲ. ಇನ್ನೊಬ್ಬರು ಮಾಡಿದ್ದನ್ನು ಮುಟ್ಟಿ, ತಿರುವಿ, ಜಗಳವಾಡಿ ಕೊಂಡು ಗೌರವಿಸಿದ ಇಂಥ ಜನ, ತಮ್ಮ ಕೈಯಾರೆ ಮಾಡಿದ್ದನ್ನು ಮಾರಲು ಕುಳಿತಾಗ ಅಷ್ಟೇ ಹಟದ ಒಬ್ಬ ಗಿರಾಕಿಗಾಗಿ ಎಷ್ಟು ದಿನ ಬೇಕಾದರೂ ಕಾಯುತ್ತಾರೆ. ಅವನು ಬಂದು, ಬೆನ್ನು ತಿರುಗಿಸಿ ಹೊರಟ ದಿನ, ನಾಚಿಕೆ ಬಿಟ್ಟು ಇಡೀ ಬೀದಿಗೆ ಕೇಳುವಂತೆ ಕರೆಯುತ್ತಾರೆ.