ಒಲೆ ಉರಿಯದ ಮನೆ

"ಮೊದಲನೇ ಸಾಲಿಗೇ ಕಣ್ಣಾಗ ನೀರು ಬರಬೇಕ್ರಿ ಮೇಡಂ," ಎಂದು ಸಂಸ್ಥೆ ನಡೆಸುವ ಶಿವಪ್ರಕಾಶ ಮೂರನೇ ಸಲ ಹೇಳಿ ಹೊರಗೆ ಹೋದ. ಜಯಮಾಲಾ ಬರೆದಿದ್ದ ಸಾಲನ್ನು ಮತ್ತೆ ಅಳಿಸಿದಳು. ನೀರು ಬರಬೇಕಂತೆ. ಆರು ವರ್ಷದಿಂದ ಕಂಡವರ ಕಣ್ಣಲ್ಲಿ ನೀರು ತರಿಸಿ ತರಿಸಿ ಅವಳಿಗೆ ಸಾಕೋ ಸಾಕಾಗಿ ಹೋಗಿತ್ತು.

ಜೇವರ್ಗಿಯ ಬೀಜದಂಗಡಿಯ ಮಾಳಿಗೆ ಮೇಲಿದ್ದ ಆ ಸಣ್ಣ ಸಂಸ್ಥೆ, ಕಿವಿ ಮಂದವಾದ ಮಕ್ಕಳಿಗೆ ಕಿವಿಗೆ ಹಾಕುವ ಮಷೀನು ಕೊಡಿಸುತ್ತಿತ್ತು. ದಾನಿಗಳಿಗೆ ಇ-ಮೇಲ್ ಬರೆಯುವುದು ಜಯಮಾಲಾಳ ಕೆಲಸ. ಹತ್ತು ಮಕ್ಕಳಿಗೆ ಮಷೀನು ಬೇಕು ಎಂದು ನೆಟ್ಟಗೆ ಬರೆದರೆ ಪುಣ್ಯಾತ್ಮರು ಯಾರೂ ತೆರೆದೇ ನೋಡುವುದಿಲ್ಲ. ಒಂದು ಮಗು, ಒಂದು ಮುಖ, ಒಂದು ಸಂಕಟ ಬೇಕು. ಎರಡು ತಿಂಗಳ ಹಿಂದೆ ಕೊಳಕೂರಿನ ಒಂಬತ್ತು ವರ್ಷದ ಸಪ್ನಾಳ ಬಗ್ಗೆ ಬರೆದಳು. ಸಪ್ಪೆ ಅನ್ನಿಸಿತು. "ಈ ಮನೆಯಲ್ಲಿ ವಾರಕ್ಕೆ ಎರಡು ದಿನ ಒಲೆ ಉರಿಯುವುದಿಲ್ಲ" ಎಂದು ಸೇರಿಸಿದಳು. ಆ ಮನೆಯ ಹೊಸ್ತಿಲನ್ನೂ ಅವಳು ತುಳಿದಿರಲಿಲ್ಲ. ಹುಡುಗಿಯ ಹೆಸರನ್ನು ದ್ರೌಪದಿ ಎಂದು ಬದಲಿಸಿದಳು, ಫೋಟೋ ಬದಲಿಸಲಿಲ್ಲ. ಸಪ್ನಾಳಿಗೂ ಇನ್ನೂ ನಾಲ್ಕು ಮಕ್ಕಳಿಗೂ ಮಷೀನು ಬಂತು.

ಈಗ ಸಪ್ನಾಳ ತಾಯಿ ಶಾರದಾಬಾಯಿ ಬಾಗಿಲಲ್ಲಿ ನಿಂತಿದ್ದಳು. ಮಗಳನ್ನು ವರಾಂಡದಲ್ಲಿ ಬಿಟ್ಟು ಒಬ್ಬಳೇ ಒಳಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಅಕ್ಕೋರ, ನಮ್ಮನ್ಯಾಗ ಒಲಿ ಹತ್ತಂಗಿಲ್ಲಂತ ಬರದೀರಂತ. ಖರೇನ್ರಿ? ಕಲಬುರಗಿ ಬ್ಯಾಂಕಿನ್ಯಾಗ ನಮ್ಮ ಮೈದುನ ಇದ್ದಾನ. ಅವನ ಮೊಬೈಲಿಗಿ ಬಂದದ. ಫೋಟೋ ನೋಡಿ ನಮ್ಮ ಮಂದಿಗೆಲ್ಲಾ ಗೊತ್ತಾಗ್ಯದ."

ಜಯಮಾಲಾ ಕುರ್ಚಿಯಿಂದ ಎದ್ದಳು. "ಹಂಗ ಬರೀದಿದ್ರ ಯಾರೂ ಕೊಡಂಗಿಲ್ರಿ, ಅಕ್ಕಾ."

"ಕೊಡದಿದ್ರ ಬ್ಯಾಡಾಗಿತ್ರಿ. ಸೋಮವಾರ ಜಂಗಮರಿಗಿ ಉಣಿಸಲಾರ್ದ ನಾವು ಒಂದು ತುತ್ತು ಬಾಯಾಗ ಇಟ್ಟಿಲ್ಲ. ನಮ್ಮತ್ತಿ ಕಾಲದಿಂದ ಹಂಗೇ ನಡದದ. ಮಷೀನಿಗಿ ರೊಕ್ಕ ಇರ್ಲಿಲ್ಲ, ಖರೇ. ಹಸ್ದು ಮಲಗಿಲ್ರಿ ನಾವು." ಶಾರದಾಬಾಯಿಯ ದನಿ ಏರಲೇ ಇಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಇಂಗ್ಲೀಷ್ ನನಗ ಬರಂಗಿಲ್ಲ. ಏನೇನು ಬರದೀರಿ, ಓದಿ ಹೇಳ್ರಿ. ಆಮ್ಯಾಲ ಆ ಮಷೀನು ಇಲ್ಲೇ ಇಟ್ಟು ಹೋಗ್ತೇನಿ."

ಮಷೀನು ಬಂದ ಮೇಲೆ ಸಪ್ನಾ ಶಾಲೆಯಲ್ಲಿ ಹಾಜರಿ ಕರೆದಾಗ ತಾನಾಗಿಯೇ ಎದ್ದು ನಿಲ್ಲುತ್ತಿದ್ದಾಳೆಂದು ಮಾಸ್ತರರು ಫೋನು ಮಾಡಿ ಹೇಳಿದ್ದರು. ಮಷೀನು ಹೋದರೆ ಅದೂ ಹೋಯಿತು. ಆ ಒಂದು ಸಾಲನ್ನು ತಿದ್ದಿ, ಬಡವರ ಮನೆ ಎಂದಷ್ಟೇ ಓದಿಬಿಟ್ಟರೆ? ಈ ಹೆಂಗಸಿಗೆ ಹೇಗೆ ತಿಳಿಯಬೇಕು? ಆದರೆ ಇನ್ನೊಂದು ಸುಳ್ಳು ಕಟ್ಟುವಷ್ಟು ತ್ರಾಣ ಜಯಮಾಲಾಳಲ್ಲಿ ಉಳಿದಿರಲಿಲ್ಲ. ಇ-ಮೇಲ್ ತೆರೆದು, ಒಂದೊಂದೇ ಸಾಲನ್ನು ಕನ್ನಡಕ್ಕೆ ತಿರುಗಿಸಿ ಓದತೊಡಗಿದಳು. ದ್ರೌಪದಿ ಎಂಬ ಹುಡುಗಿ. ಕೇಳದ ಕಿವಿ. ಹರಿದ ಪಾಟಿಚೀಲ. ವಾರಕ್ಕೆ ಎರಡು ದಿನ ಉರಿಯದ ಒಲೆ.

ಓದಿ ತಲೆ ಎತ್ತಿದಾಗ ಸಪ್ನಾ ಒಳಗೆ ಬಂದು ತಾಯಿಯ ಸೆರಗು ಹಿಡಿದು ನಿಂತಿದ್ದಳು, ಕಿವಿಯಲ್ಲಿ ಮಷೀನಿತ್ತು. ಎಷ್ಟೊತ್ತಿನಿಂದ ಕೇಳುತ್ತಿದ್ದಳೋ.

"ಯಾರ ಮನಿ ಅವ್ವಾ ಅದು?"

ಶಾರದಾಬಾಯಿ ಜಯಮಾಲಾಳನ್ನು ನೋಡಿದಳು. ಜಯಮಾಲಾ ನೆಲ ನೋಡಿದಳು. ಕೆಳಗೆ ಅಂಗಡಿಯಲ್ಲಿ ಯಾರೋ ತೊಗರಿ ಬೀಜಕ್ಕೆ ಚೌಕಾಸಿ ಮಾಡುತ್ತಿದ್ದರು.

"ಯಾರದೋ," ಎಂದಳು ಶಾರದಾಬಾಯಿ. "ಪಾಪ."

"ಆ ಹುಡುಗಿಗಿ ನಮ್ಮನಿಗಿ ಉಣ್ಣಾಕ ಬಾ ಅನ್ನು."

"ಅಂತೇನಿ. ನಡಿ, ಬಸ್ಸಿನ ಹೊತ್ತಾತು."

ಮಷೀನಿನ ಮಾತು ಅವಳು ಮತ್ತೆ ಎತ್ತಲಿಲ್ಲ. ಜಯಮಾಲಾಳಿಗೆ ಬರುತ್ತೇನೆಂದೂ ಹೇಳಲಿಲ್ಲ. ಮೆಟ್ಟಿಲಿಳಿಯುತ್ತ ಮಗಳಿಗೆ ಮೆಲ್ಲಗೆ ಏನೋ ಹೇಳಿದಳು. ಮಗಳು ಅಷ್ಟೇ ಮೆಲ್ಲಗೆ ಉತ್ತರ ಕೊಟ್ಟಳು.