ಹಿತ್ತಿಲ ಮಡಿಯ ಕಾಡುಸೇಬು

ತಮ್ಮ ತೀರಿಹೋದನೆಂಬ ಸುದ್ದಿ ತಂದವನು ಕನ್ನಡಕದವನೇ. ಸಂಶೋಧನಾ ತೋಟದಲ್ಲಿ ತಮ್ಮನ ಕೈಕೆಳಗೆ ದುಡಿಯುತ್ತಿದ್ದವನು, ಅವನನ್ನು ಅಣ್ಣ ಎನ್ನುತ್ತಿದ್ದವನು. ಕಾಡುಸೇಬು ಆಯಲೆಂದು ಇಬ್ಬರೂ ಬೆಟ್ಟ ಹತ್ತಿದ್ದರು. ಇಳಿದು ಬಂದವನು ಒಬ್ಬನೇ. ಕಾಲು ಜಾರಿ ಕಮರಿಗೆ ಬಿದ್ದರೆಂದು ತಲೆ ತಗ್ಗಿಸಿ ಹೇಳಿದ. ಅಕ್ಕ ಬಾಗಿಲ ಚೌಕಟ್ಟು ಹಿಡಿದು ಕುಸಿದು ಕೂತಳು. ಅವನ ಹೆಗಲಲ್ಲಿ ತಮ್ಮನ ಚೀಲ ತೂಗುತ್ತಿತ್ತು.

“ಅದನ್ನ ಇಲ್ಲಿ ಕೊಡಪ್ಪ.”

“ಕೊಡ್ತೀನಕ್ಕ. ಒಳಗೆ ಹಣ್ಣಿದೆ, ಕೆಟ್ಟುಹೋಗತ್ತೆ. ಬೀಜ ಬಿಡಿಸಿ ಒಣಗೋಕೆ ಹಾಕ್ಬಿಡ್ತೀನಿ. ಹಿತ್ತಿಲ ಶೆಡ್ಡಿನ ಬೀಗದಕೈ ಎಲ್ಲಿದೆ?”

ಹೆಣ ಇನ್ನೂ ಮನೆಗೆ ಬಂದಿರಲಿಲ್ಲ. ಇವನಿಗೆ ಹಣ್ಣಿನ ಚಿಂತೆ. ಅಂದೇ ಅಕ್ಕನ ಎದೆಗೆ ಅನುಮಾನದ ಮುಳ್ಳು ಚುಚ್ಚಿತು.

ಊಟಕ್ಕೆ ಕೂತಾಗಲೆಲ್ಲ ತಮ್ಮ ಅದನ್ನೇ ಹೇಳುತ್ತಿದ್ದ. ತೋಟದ ಸೇಬೆಲ್ಲ ಒಂದೇ ಅಚ್ಚಿನವು, ಒಂದಕ್ಕೆ ಕಪ್ಪುಚುಕ್ಕೆ ರೋಗ ತಗಲಿದರೆ ಎಲ್ಲಕ್ಕೂ ತಗಲುತ್ತದೆ. ಬೆಟ್ಟದ ಕಾಡುಸೇಬಿನಲ್ಲಿ ಒಂದರಂತೆ ಇನ್ನೊಂದಿಲ್ಲ. ನಾಲಿಗೆ ಚುರುಗುಟ್ಟಿಸುವ ಆ ಹುಳಿ ಹಣ್ಣುಗಳಲ್ಲೇ ಯಾವುದರಲ್ಲೋ ರೋಗ ತಡೆಯುವ ಗುಣ ಅಡಗಿದೆ. ಅದನ್ನು ಸಿಹಿ ಸೇಬಿನ ಜೊತೆ ಕೂಡಿಸಿದರೆ ಹೊಸ ತಳಿ ಬರುತ್ತದೆ. ತಮ್ಮ ಹೋದ ಬೆನ್ನಿಗೇ ಬೆಟ್ಟದ ಆ ಮಗ್ಗುಲನ್ನು ರಸ್ತೆಗಾಗಿ ಕಡಿದು ಬಯಲು ಮಾಡಿದರು. ಉಳಿದದ್ದು ಶೆಡ್ಡಿನ ತಟ್ಟೆಯಲ್ಲಿದ್ದ ಬೀಜ ಮಾತ್ರ.

ಕನ್ನಡಕದವನು ದಿನವೂ ಬಂದು ಬೀಜ ಮಗುಚಿ ಹೋಗುತ್ತಿದ್ದ. ಅಕ್ಕನ ಹೆಜ್ಜೆ ಸಪ್ಪಳ ಕೇಳಿದರೆ ತಟ್ಟೆಯ ಮೇಲೆ ಬಟ್ಟೆ ಎಳೆಯುತ್ತಿದ್ದ.

“ಏನು ಮುಚ್ಚಿಡ್ತಿದ್ದೀಯಪ್ಪ?”

“ಏನಿಲ್ಲಕ್ಕ, ಧೂಳು.”

ಧೂಳಂತೆ. ಇವನು ಬೀಜ ಒಯ್ದು ತನ್ನ ಹೆಸರಿನಲ್ಲಿ ತಳಿ ಎಬ್ಬಿಸುತ್ತಾನೆ, ತಮ್ಮನ ಹೆಸರು ಮಣ್ಣುಪಾಲು ಎಂದುಕೊಂಡಳು ಅಕ್ಕ. ಅವನು ಬೀಜವನ್ನು ತೋಟಕ್ಕೆ ಒಯ್ಯುವ ಹಿಂದಿನ ದಿನ, ಅಡುಗೆಮನೆಯಲ್ಲಿ ಹೆಚ್ಚಿದ ಪೇಟೆಯ ಸೇಬಿನ ಬೀಜಗಳನ್ನು ತಟ್ಟೆಗೆ ಸುರಿದು, ಕಾಡುಬೀಜಗಳನ್ನು ಸೆರಗಿಗೆ ಕಟ್ಟಿಕೊಂಡಳು. ತಮ್ಮನ ಕೈ ಮುಟ್ಟಿದ್ದನ್ನು ಎಸೆಯಲು ಮನಸ್ಸು ಬರಲಿಲ್ಲ. ದೇವರ ಹೆಸರು ಹೇಳಿ ಹಿತ್ತಿಲ ತರಕಾರಿ ಮಡಿಯಲ್ಲಿ ಹೂತಳು.

ಚಳಿಗಾಲ ಕಳೆಯಿತು. ಮಡಿಯಲ್ಲಿ ಮೊಳಕೆ ಎದ್ದವು. ಯಾರನ್ನು ನಂಬುವುದೆಂದು ತಿಳಿಯದೆ ಅಕ್ಕ ಸುಮ್ಮನೆ ನೀರು ಹಾಕುತ್ತಿದ್ದಳು.

ಬೇಸಿಗೆಯ ಹೊತ್ತಿಗೆ ಕನ್ನಡಕದವನು ಬಂದ. ಮುಖ ಬಾಡಿತ್ತು.

“ಆ ಬೀಜದ ಸಸಿಗಳಿಗೆಲ್ಲ ಕಪ್ಪುಚುಕ್ಕೆ ಹತ್ತಿದೆ ಅಕ್ಕ. ಒಂದೂ ತಡ್ಕೊಳ್ಳಲಿಲ್ಲ. ಅಣ್ಣನ ಲೆಕ್ಕಾಚಾರ ತಪ್ಪು ಅಂತ ಮೇಲಿನವರು ಷರಾ ಬರೀತಾರಂತೆ. ಬೇರೆಯವರ ಬಾಯಿಂದ ಕೇಳೋದು ಬೇಡ ಅಂತ ನಾನೇ ಬಂದೆ.”

ಇದೂ ಒಂದು ನಾಟಕವೇ ಎಂದು ಅಕ್ಕ ಅವನ ಮುಖವನ್ನೇ ನೋಡಿದಳು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದ, ಒರೆಸಿದಷ್ಟೂ ಒದ್ದೆಯಾಗುತ್ತಿತ್ತು.

“ಆವತ್ತು ತಟ್ಟೆ ಯಾಕೆ ಮುಚ್ಚಿದೆ? ನಿಜ ಹೇಳು.”

“ಆ ಹಣ್ಣು ಕೀಳ್ತಿರುವಾಗಲೇ ಅಣ್ಣ ಜಾರಿದ್ದು. ಅದರ ಬೀಜ ನಿಮ್ಮ ಕಣ್ಣಿಗೆ ಬೀಳೋದು ಬೇಡ ಅಂತ ಮುಚ್ಚಿದೆ.”

ಬಾಯಿ ಬಿಟ್ಟರೆ ತನ್ನ ಮಾನ ಹೋಗುತ್ತದೆ, ಬಿಡದಿದ್ದರೆ ತಮ್ಮನದು. ಅಕ್ಕ ಎದ್ದು ಹಿತ್ತಿಲ ಬಾಗಿಲು ತೆಗೆದಳು.

“ಬೀಜ ಬದಲಾಯಿಸಿದವಳು ನಾನು. ಬಾ ಇಲ್ಲಿ.”

ಅವನು ಮಡಿಯ ಪಕ್ಕ ಮಂಡಿಯೂರಿದ. ಒಂದು ಸಸಿಯ ಎಲೆಯಂಚು ಕತ್ತರಿಸಿದಂತೆ, ಒಂದರ ನರ ಕೆಂಪು, ಇನ್ನೊಂದಕ್ಕೆ ಮೈತುಂಬ ನವಿರು. ಬಹಳಷ್ಟಕ್ಕೆ ಚುಕ್ಕೆ ಹತ್ತಿತ್ತು. ನಡುವೆ ಕೆಲವು ಮಾತ್ರ ತೊಳೆದಿಟ್ಟಂತೆ ಹಸಿರಾಗಿದ್ದವು.

“ರೋಗದವನ್ನ ಕಿತ್ತುಬಿಡಲಾ?” ಎಂದಳು ಅಕ್ಕ.

“ಬೇಡಕ್ಕ. ನಾಳೆ ಬರೋ ರೋಗ ಬೇರೆ ಇರತ್ತೆ. ಆಗ ಇದೇ ಬೇಕಾಗಬಹುದು.” ಎಲೆಗಳಿಂದ ಕಣ್ಣು ಕೀಳದೆ ಕೇಳಿದ: “ನನ್ನ ಮೇಲೆ ಅಷ್ಟು ಅನುಮಾನ ಇತ್ತಾ?”

“ಇತ್ತು. ಪೂರ್ತಿ ಹೋಗೋಕೆ ಇನ್ನೂ ನಾಲ್ಕು ದಿನ ಬೇಕು. ಮುಖ ತೊಳ್ಕೊಂಡು ಬಾ, ಊಟ ಮಾಡು.”

ಅವನು ಒಳಗೆ ಹೋದ ಮೇಲೆ ಅಕ್ಕ ಮಣ್ಣಿನ ಕೈಯನ್ನೇ ಜೋಡಿಸಿದಳು.

“ಭಗವಂತ, ನನ್ನ ತಮ್ಮನ ಮಾತು ಸುಳ್ಳಾಗಲಿಲ್ಲ ಅಂತ ಅವನಿಗೆ ತಿಳಿಸು. ಕಮರಿಯಲ್ಲಿ ಬಿದ್ದ ಆ ಜೀವವನ್ನು ನೀನೇ ಎತ್ತಿಕೋ. ಅವನ ಆತ್ಮಕ್ಕೆ ಶಾಂತಿ ಕೊಡು.”